ಇನ್ ವಿಟ್ರೊ: ತಟ್ಟೆಯಲ್ಲಿ ಗೆದ್ದ ಮದ್ದು

‘ಲಕ್ಷ್ಮಣಫಲ ಕೀಮೋಥೆರಪಿಗಿಂತ 10,000 ಪಟ್ಟು ಪ್ರಬಲ’ ಎಂಬ ಸಂದೇಶ ವಿಜಯಪುರದ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಮತ್ತೆ ಬಂದಿದೆ. ಕೆಳಗೆ ‘ಇನ್ ವಿಟ್ರೊ ಸಂಶೋಧನೆಯಲ್ಲಿ ದೃಢಪಟ್ಟಿದೆ’ ಎಂಬ ಒಕ್ಕಣೆ. ಮೇಲಿನ ಮಾತನ್ನು ಹೊಡೆದುಹಾಕುವುದೇ ಈ ಒಕ್ಕಣೆ ಎಂಬುದು ಕಳಿಸಿದವರಿಗೆ ಹೊಳೆದಿಲ್ಲ.

ಲ್ಯಾಟಿನ್ನಿನಲ್ಲಿ ವಿಟ್ರಂ ಎಂದರೆ ಗಾಜು. ಇನ್ ವಿಟ್ರೊ ಎಂದರೆ ಗಾಜಿನಲ್ಲಿ, ಅಂದರೆ ದೇಹದ ಹೊರಗೆ, ಪಾತ್ರೆಯಲ್ಲಿ. ಜೀವಂತ ದೇಹದೊಳಗೆ ನಡೆದರೆ ಅದು ‘ಇನ್ ವಿವೊ’. ಈಗ ಗಾಜೂ ಉಳಿದಿಲ್ಲ. ಸಾಮಾನ್ಯವಾಗಿ ಬಳಸುವುದು ಅಂಗೈಯಗಲದ, 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಗುಳಿಯಲ್ಲಿ ಜೀವಕೋಶಗಳನ್ನು ಬೆಳೆಸಿ, ಪರೀಕ್ಷಿಸಬೇಕಾದ ರಾಸಾಯನಿಕ ಬೆರೆಸಿ, ಕೊನೆಗೆ ಹಳದಿ ಬಣ್ಣದ್ರವ್ಯ ಹಾಕುತ್ತಾರೆ. ಬದುಕಿರುವ ಕೋಶಗಳು ಅದನ್ನು ನೇರಳೆಗೆ ತಿರುಗಿಸುತ್ತವೆ. ಸತ್ತಿದ್ದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ‘ಪ್ರನಾಳ ಶಿಶು’ ಎಂಬುದೂ ಇದೇ ಪದದ ಕೂಸು, ಅಲ್ಲಿಯೂ ಪ್ರನಾಳವಿಲ್ಲ: ಅಂಡಾಣು ಫಲಿಸುವುದು ಅಗಲ ಬಟ್ಟಲಿನಲ್ಲಿ. ಹೀಗಾಗಿ ಇನ್ ವಿಟ್ರೊ ಎಂದರೆ ಬಂಜೆತನದ ಚಿಕಿತ್ಸೆ ಎಂದಷ್ಟೇ ತಿಳಿದವರಿದ್ದಾರೆ. ಇರಲಿ, ಅದರಿಂದ ಯಾರಿಗೂ ಅಪಾಯವಿಲ್ಲ.

ಲಕ್ಷ್ಮಣಫಲದ್ದು ಹಾಗಲ್ಲ. ಆ 10,000ದ ಮೂಲ 1996ರ ಒಂದು ಪ್ರಬಂಧ. ಹಣ್ಣಿನ ಬೀಜದಿಂದ ಬೇರ್ಪಡಿಸಿದ ಒಂದು ರಾಸಾಯನಿಕ, ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳು, ಹೋಲಿಕೆಗೊಂದು ಕೀಮೋ ಔಷಧ. ಎಲೆಯ ಕಷಾಯವೂ ಇಲ್ಲ, ರೋಗಿಯೂ ಇಲ್ಲ. ತಟ್ಟೆಯಲ್ಲಿರುವ ಕ್ಯಾನ್ಸರ್ ಕೋಶವನ್ನು ಬ್ಲೀಚಿಂಗ್ ಪೌಡರ್ ಕೂಡ ಕೊಲ್ಲುತ್ತದೆ! ಆರೋಗ್ಯವಂತ ಕೋಶ ಉಳಿಯಿತೇ, ನುಂಗಿದ್ದನ್ನು ಕರುಳು ಹೀರಿತೇ, ಯಕೃತ್ತು ಒಡೆದುಹಾಕಿತೇ, ಗಡ್ಡೆಯವರೆಗೆ ಎಷ್ಟು ತಲುಪಿತು? ತಟ್ಟೆಗೆ ಇದ್ಯಾವುದೂ ಗೊತ್ತಾಗದು. ಇದೇ ಗಿಡದಲ್ಲಿರುವ ಅನೋನಾಸಿನ್ ಎಂಬ ರಾಸಾಯನಿಕ ನರಕೋಶಗಳಿಗೆ ವಿಷ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಕಂಡುಬಂದ ಪಾರ್ಕಿನ್ಸನ್ ತರಹದ ಕಾಯಿಲೆಗೂ ಈ ಹಣ್ಣು, ಎಲೆಚಹಾಗಳ ಬಳಕೆಗೂ ನಂಟಿದೆ ಎಂದು ಸಂಶೋಧಕರು ಬರೆದಿದ್ದಾರೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸಾಂಪ್ರದಾಯಿಕ ಔಷಧಗಳ ಅಧ್ಯಯನಕ್ಕೆಂದೇ ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಂಸ್ಥೆಯಿರುವಾಗ ವಾಟ್ಸ್‌ಆ್ಯಪ್ ಪಂಡಿತರಿಗೇ ಏಕೆ ಕಿವಿಗೊಡಬೇಕೋ.

2020ರಲ್ಲಿ ಐವರ್‌ಮೆಕ್ಟಿನ್ ಎಂಬ ಹುಳುಬಾಧೆಯ ಮದ್ದು ತಟ್ಟೆಯಲ್ಲಿ ಕೊರೊನಾ ವೈರಸ್ಸನ್ನು ತಡೆದದ್ದೂ ನಿಜವೇ. ಆದರೆ ರಕ್ತದಲ್ಲಿ ತಟ್ಟೆಯಲ್ಲಿದ್ದಷ್ಟು ಸಾಂದ್ರತೆ ಬರಬೇಕಿದ್ದರೆ ಮಾಮೂಲಿ ಡೋಸಿನ ಹತ್ತಾರು ಪಟ್ಟು ನುಂಗಬೇಕಿತ್ತು.

ಹಾಗೆಂದು ತಟ್ಟೆ ನಿಷ್ಪ್ರಯೋಜಕವಲ್ಲ, ಅದೊಂದು ಜರಡಿ. ಸಾವಿರಾರು ಸಂಯುಕ್ತಗಳಲ್ಲಿ ಉಳಿದದ್ದಕ್ಕೆ ‘ಹಿಟ್’ ಎನ್ನುತ್ತಾರೆ, ತಿದ್ದಿ ಸುಧಾರಿಸಲು ಆರಿಸಿಕೊಂಡದ್ದಕ್ಕೆ ‘ಲೀಡ್’. ಪ್ರಾಣಿಗಳ ಮೇಲಿನ ಪರೀಕ್ಷೆ, ಮನುಷ್ಯರ ಮೇಲಿನ ಮೂರು ಹಂತಗಳು ಆಮೇಲಿನವು. ಆದರೆ ಜರಡಿ ಕಾಳನ್ನೂ ಚೆಲ್ಲುತ್ತದೆ. 1930ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಗೆರ್ಹಾರ್ಡ್ ಡೊಮಾಕ್ ಪರೀಕ್ಷಿಸಿದ ಕೆಂಪು ಬಣ್ಣದ್ರವ್ಯ ಪ್ರಾಂಟೊಸಿಲ್ ಪಾತ್ರೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಏನೂ ಮಾಡಲಿಲ್ಲ. ಆದರೆ ಸೋಂಕು ತಗುಲಿದ ಇಲಿಗಳನ್ನು ಬದುಕಿಸಿತು. ದೇಹದೊಳಗೆ ಅದು ಒಡೆದು ಸಲ್ಫಾನಿಲಮೈಡ್ ಆಗುತ್ತದೆ, ಕೆಲಸ ಮಾಡುವುದು ಅದೇ ಎಂದು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು 1935ರಲ್ಲಿ ತೋರಿಸಿಕೊಟ್ಟರು. ತಟ್ಟೆಯೊಂದನ್ನೇ ನಂಬಿದ್ದರೆ, ಡೊಮಾಕ್‌ಗೆ 1939ರ ನೊಬೆಲ್ ತಂದುಕೊಟ್ಟ ಮದ್ದು ಕಸದ ಬುಟ್ಟಿ ಸೇರುತ್ತಿತ್ತು.