ನ್ಯಾನೊ ಎಳೆಯ ರಂಧ್ರಗಳೂ ಮುಂಬಯಿಯ ಮಳೆಗಾಲದ ಗಾಳಿಯೂ

ಮಾಟುಂಗದ ನಮ್ಮ ಓದಿನ ಗುಂಪಿನಲ್ಲಿ ವಿದ್ಯುತ್ತಿನ ಬಲದಿಂದ ಅತಿ ತೆಳುವಾದ ನ್ಯಾನೊ ಎಳೆಗಳನ್ನು ನೂಲುವ ಎಲೆಕ್ಟ್ರೋಸ್ಪಿನ್ನಿಂಗ್ ವಿಧಾನವನ್ನು ಶಾವಿಗೆ ಒರಳಿಗೆ ಹೋಲಿಸಿದ್ದುಂಟು. ಹೋಲಿಕೆ ಅರ್ಧ ಮಾತ್ರ ಸರಿ. ಒರಳಿನಲ್ಲಿ ಹಿಟ್ಟನ್ನು ಮೇಲಿನಿಂದ ಒತ್ತುತ್ತೇವೆ. ಇಲ್ಲಿ ಸೂಜಿಯ ತುದಿಯಲ್ಲಿ ನಿಂತ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ದ್ರಾವಣದ ಹನಿಯನ್ನು ಸಾಮಾನ್ಯವಾಗಿ 10ರಿಂದ 30 ಕಿಲೋವೋಲ್ಟ್ ವಿಭವವು ಎದುರಿನ ಲೋಹದ ತಟ್ಟೆಯತ್ತ ಎಳೆಯುತ್ತದೆ. ಆವೇಶಗಳ ವಿಕರ್ಷಣೆ ಮೇಲ್ಮೈ ಎಳೆತವನ್ನು ಮೀರುವ ಹೊತ್ತಿಗೆ ಹನಿ ಶಂಕುವಾಗುತ್ತದೆ (ಅದರ ಅರ್ಧಕೋನ 49.3 ಡಿಗ್ರಿ ಎಂದು 1964ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಜೆಫ್ರಿ ಟೇಲರ್ ಲೆಕ್ಕ ಹಾಕಿದರು), ಅಲ್ಲಿಂದ ಹೊರಟ ಧಾರೆ ಚಾಟಿಯಂತೆ ಸುಳಿಯುತ್ತ, ದ್ರಾವಕವನ್ನು ಕಳೆದುಕೊಳ್ಳುತ್ತ ತೆಳುವಾಗಿ, ತಟ್ಟೆಯ ಮೇಲೆ ಎಳೆಗಳ ಹಾಳೆಯಾಗಿ ಕೂರುತ್ತದೆ.

ಎಳೆಗಳ ನಡುವಿನ ಸಂದು ಬೇರೆ, ಎಳೆಯೊಳಗಿನ ರಂಧ್ರ ಬೇರೆ. ಗಾಳಿಯ ದೂಳು ಸೋಸುವಾಗ ಮುಖ್ಯವಾಗಿ ಮೊದಲನೆಯದು, ವಿದ್ಯುತ್ತನ್ನು ಬೇಗ ತುಂಬಿಕೊಂಡು ಬೇಗ ಕೊಡುವ ಸೂಪರ್‌ಕೆಪಾಸಿಟರ್‌ನಲ್ಲಿ ಹೆಚ್ಚಾಗಿ ಎರಡನೆಯದು ಕೆಲಸಕ್ಕೆ ಬರುತ್ತದೆ.

ಎಳೆಯೊಳಗೆ ರಂಧ್ರ ಮೂಡಿಸುವ ಒಂದು ದಾರಿ ತೇವಾಂಶ. ಬೇಗ ಆರುವ ದ್ರಾವಕದಲ್ಲಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಕರಗಿಸಿ ನೂತರೆ, ದ್ರಾವಕ ಆವಿಯಾಗುತ್ತ ಧಾರೆಯನ್ನು ತಣ್ಣಗಾಗಿಸುತ್ತದೆ. ತಣ್ಣೀರಿನ ಲೋಟ ಜುಲೈನಲ್ಲಿ ಬೆವರುವಂತೆ ಧಾರೆಯ ಮೇಲೂ ನೀರಿನ ಸೂಕ್ಷ್ಮ ಹನಿಗಳು ಕೂರುತ್ತವೆ, ಅವು ಆರಿದಲ್ಲಿ ಕುಳಿ ಉಳಿಯುತ್ತದೆ. ಆದ್ದರಿಂದ ಅದೇ ದ್ರಾವಣ ಪುಣೆಯ ಒಣ ಬೇಸಿಗೆಯಲ್ಲಿ ನುಣುಪಾದ ಎಳೆಯನ್ನೂ ಮುಂಬಯಿಯ ಮಳೆಗಾಲದಲ್ಲಿ ಕುಳಿಬಿದ್ದ ಎಳೆಯನ್ನೂ ಕೊಟ್ಟರೆ ಅಚ್ಚರಿಯಿಲ್ಲ. ಪ್ರಯೋಗದ ಪುಸ್ತಕದಲ್ಲಿ ವೋಲ್ಟೇಜಿನ ಪಕ್ಕದಲ್ಲೇ ಆ ದಿನದ ಆರ್ದ್ರತೆಯನ್ನೂ ಬರೆಯದಿದ್ದರೆ ಆ ಬರಹ ಅಪೂರ್ಣವೆಂದೇ ನನ್ನ ಎಣಿಕೆ.

ಇನ್ನೊಂದು ದಾರಿ ಬಲಿ ಕೊಡುವ ಪಾಲಿಮರ್‌ನದು. ಪಾಲಿಅಕ್ರೈಲೊನೈಟ್ರೈಲ್ ಎಂಬ ಪಾಲಿಮರ್ ಜೊತೆ ಪಿಎಂಎಂಎ (ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಇನ್ನೊಂದು ಪಾಲಿಮರ್) ಬೆರೆಸಿ ನೂತ ಹಾಳೆಯನ್ನು ಮೊದಲು ಗಾಳಿಯಲ್ಲಿ 200–300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರಗೊಳಿಸಿ, ಬಳಿಕ ನೈಟ್ರೋಜನ್‌ನಲ್ಲಿ 800 ಡಿಗ್ರಿಯ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆ ಕಾಯಿಸಿದರೆ, ಮೊದಲನೆಯದು ಇಂಗಾಲವಾಗಿ ಉಳಿಯುತ್ತದೆ, ಎರಡನೆಯದು ವಿಘಟಿಸಿ ಟೊಳ್ಳು ಬಿಟ್ಟು ಹೋಗುತ್ತದೆ. ಸ್ಥಿರಗೊಳಿಸುವ ಹಂತದಲ್ಲಿ ಅವಸರ ಮಾಡಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡಾವು.

2 ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳು ಮೇಲ್ಮೈ ವಿಸ್ತೀರ್ಣವನ್ನು ಬಹಳವಾಗಿ ಹೆಚ್ಚಿಸುತ್ತವೆ. ಆದರೆ ಸೂಪರ್‌ಕೆಪಾಸಿಟರ್‌ನಲ್ಲಿ ಅಯಾನುಗಳು (ಆವೇಶ ಹೊತ್ತ ಕಣಗಳು) ಅಲ್ಲಿಗೆ ಬೇಗ ತಲುಪಲು 2ರಿಂದ 50 ನ್ಯಾನೊಮೀಟರಿನ ಮಧ್ಯಮ ರಂಧ್ರಗಳ ದಾರಿಯೂ ಬೇಕು. ದಾದರಿನಲ್ಲಿ ಪ್ಲಾಟ್‌ಫಾರ್ಮ್ ಎಷ್ಟೇ ಉದ್ದವಿದ್ದರೂ ಸೇತುವೆಯ ಮೆಟ್ಟಿಲು ಕಿರಿದಾದರೆ ಜನ ಅಲ್ಲೇ ನಿಲ್ಲುತ್ತಾರಲ್ಲವೇ? ಹಾಗಾಗಿ ವಿಸ್ತೀರ್ಣದ ಸಂಖ್ಯೆಯೊಂದನ್ನೇ ನೋಡಿ, ಇಂಥ ಎಳೆಗಳಿಂದಾದ ವಿದ್ಯುದಗ್ರವನ್ನು (ಎಲೆಕ್ಟ್ರೋಡ್) ಮೆಚ್ಚಬಾರದು. ರಂಧ್ರ ಅತಿಯಾದರೆ ಹಾಳೆ ಪೆಡಸಾಗಿ, ಒತ್ತಡದಲ್ಲಿ ನೀರು ಸೋಸುವಾಗ ಹರಿದುಹೋಗಲೂಬಹುದು.

ಪರಿಸರಕ್ಕೆಂದು ನೂಲುವ ಎಳೆಗೆ ಹಲವು ಬಾರಿ ಯಕೃತ್ತಿಗೆ ಹಾನಿಕರವಾದ ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ದ್ರಾವಕ ಬೇಕಾಗುವುದು ಈ ವಿಷಯದ ಮುಜುಗರ. ನೀರಿನಲ್ಲೇ ಕರಗುವ ಪಾಲಿವಿನೈಲ್ ಆಲ್ಕೊಹಾಲ್ ಬಳಸಬಹುದು. ಆದರೆ ಅದರ ಎಳೆ ಮತ್ತೆ ನೀರಿನಲ್ಲಿ ಕರಗದಂತೆ, ಸರಪಳಿಗಳನ್ನು ಅಡ್ಡಬಂಧಗಳಿಂದ ಬೆಸೆಯುವ ಇನ್ನೊಂದು ಹಂತ ಸೇರಿಕೊಳ್ಳುತ್ತದೆ.