ಎಂ.ಎಸ್ಸಿ. ಸೇರುವ ಮುನ್ನ ಪ್ರಯೋಗಾಲಯ ನೋಡಿ ಬನ್ನಿ

ಬಿ.ಎಸ್ಸಿ. ಫಲಿತಾಂಶ ಬಂತೆಂದರೆ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯ ಮಕ್ಕಳು, ಅವರ ಬೆನ್ನಿಗೆ ಅಪ್ಪಂದಿರು ನನ್ನನ್ನು ಕೇಳುವುದು ಒಂದೇ ಮಾತು: ಮಾಲಿಕ್ಯುಲರ್ ಬಯಾಲಜಿ (ಡಿಎನ್‌ಎ, ಪ್ರೋಟೀನಿನಂಥ ಅಣುಗಳ ಮಟ್ಟದ ಜೀವವಿಜ್ಞಾನ) ಓದಿದರೆ ಕೆಲಸ ಸಿಗುತ್ತದೆಯೇ? ಪದವಿಯ ಹೆಸರು ನೋಡಿ ಇದಕ್ಕೆ ಉತ್ತರ ಹೇಳಲಾಗದು. ಎಂ.ಎಸ್ಸಿ.ಯ ಆ ಎರಡು ವರ್ಷ, ಹನಿ ದ್ರಾವಣವನ್ನು ಅಳೆದು ಹಾಕುವ ಪಿಪೆಟ್ ನಿಮ್ಮ ಕೈಯಲ್ಲಿರುತ್ತದೆಯೇ, ಇಲ್ಲ ಹತ್ತು ಜನರ ಹಿಂದೆ ನಿಂತು ಕತ್ತು ಚಾಚಿ ನೋಡುವುದಷ್ಟೇ ಆಗುತ್ತದೆಯೇ ಎಂದು ನಾನು ತಿರುಗಿ ಕೇಳುತ್ತೇನೆ.

ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್ ಎಂಬುದು ಪಿಯುಸಿಯಲ್ಲೇ ಬಾಯಿಪಾಠವಾಗಿರುತ್ತದೆ. ಅದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹೊಲಮನೆಗಳಲ್ಲೇ ನಡೆಯುತ್ತಿರುವ ವ್ಯವಹಾರ ಎಂದು ಎಂ.ಎಸ್ಸಿ.ಯಲ್ಲಾದರೂ ಗೊತ್ತಾಗಬೇಕು. ಟೊಮ್ಯಾಟೊ ಎಲೆ ಮುದುರು ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದು ಬಿಳಿ ನೊಣ. ಆ ವೈರಸ್ಸಿನೊಳಗೆ ಇರುವುದು ಒಂಟಿ ಎಳೆಯ ಡಿಎನ್‌ಎ. ರೇಷ್ಮೆ ಹುಳುವಿನ ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ. ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ರೋಗಾಣು ಹುಡುಕುವ ವಿಧಾನವನ್ನು ಹತ್ತೊಂಬತ್ತನೇ ಶತಮಾನದಲ್ಲಿ ಲೂಯಿ ಪಾಶ್ಚರ್ ಹೇಳಿಕೊಟ್ಟರು. ಮೊಟ್ಟೆ ತಯಾರಿಸುವವರು ಇಂದಿಗೂ ಅದನ್ನು ಬಿಟ್ಟಿಲ್ಲ. ಕಣ್ಣಿಗೆ ಸಿಗದಷ್ಟು ಕಡಿಮೆ ಸೋಂಕಿದ್ದರೆ ಹಿಡಿಯಲು ಪಿಸಿಆರ್, ಅಂದರೆ ಡಿಎನ್‌ಎಯ ಒಂದು ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ, ಬೇಕು.

ಪಿಸಿಆರ್ ಅನ್ನು 1983ರಲ್ಲಿ ಕಲ್ಪಿಸಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. ಬೆರಳ ತುದಿಯಷ್ಟು ಪುಟ್ಟ ಟ್ಯೂಬು, ಅದರಲ್ಲಿ 25 ಮೈಕ್ರೊಲೀಟರ್ ದ್ರಾವಣ. 95 ಡಿಗ್ರಿಯಲ್ಲಿ ಡಿಎನ್‌ಎಯ ಎರಡು ಎಳೆ ಬಿಡಿಸಿಕೊಳ್ಳುತ್ತವೆ, 55ರ ಆಸುಪಾಸಿನಲ್ಲಿ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಪುಟ್ಟ ಡಿಎನ್‌ಎ ತುಂಡು) ಅಂಟಿಕೊಳ್ಳುತ್ತದೆ, 72ರಲ್ಲಿ ಹೊಸ ಎಳೆ ಬೆಳೆಯುತ್ತದೆ. ಪ್ರತಿ ಸುತ್ತಿಗೂ ಎರಡರಷ್ಟು. ಲೆಕ್ಕದ ಪ್ರಕಾರ ಒಂದೇ ಒಂದು ಪ್ರತಿ 30 ಸುತ್ತಿನಲ್ಲಿ 107 ಕೋಟಿ ದಾಟುತ್ತದೆ.

ಇದರ ಶಕ್ತಿ ಇರುವುದೂ ಇಲ್ಲೇ, ಅಪಾಯ ಇರುವುದೂ ಇಲ್ಲೇ. ಹಿಂದಿನ ಟ್ಯೂಬಿಗೆ ತಾಗಿದ ಪಿಪೆಟ್ಟಿನ ಟಿಪ್ ಮುಂದಿನದಕ್ಕೆ ತಾಗಿದರೂ ಸಾಕು, ಅಲ್ಲಿ ಇಲ್ಲದ ರೋಗ ಇದೆ ಎಂದು ಫಲಿತಾಂಶ ಬರುತ್ತದೆ. ಆದ್ದರಿಂದಲೇ ಪ್ರತಿ ಬಾರಿ ಒಂದು ಟ್ಯೂಬಿಗೆ ಡಿಎನ್‌ಎ ಬದಲು ಬರೀ ನೀರು ಹಾಕುತ್ತೇವೆ. ಹೆಚ್ಚಿದ ಡಿಎನ್‌ಎಯನ್ನು ಪಟ್ಟಿಗಳಾಗಿ ತೋರಿಸುವ ಜೆಲ್ ಮೇಲೆ ಆ ನೀರಿನ ಸಾಲು ಖಾಲಿ ಇರಬೇಕು. ಕೆಲವೊಮ್ಮೆ ಅಲ್ಲೂ ಮಸುಕಾದ ಪಟ್ಟಿಯೊಂದು ಮೂಡಿರುತ್ತದೆ. ‘ಸ್ವಲ್ಪವೇ ಸರ್, ಉಳಿದದ್ದೆಲ್ಲ ಚೆನ್ನಾಗಿ ಬಂದಿದೆ’ ಎನ್ನುತ್ತಾರೆ ವಿದ್ಯಾರ್ಥಿಗಳು. ಸ್ವಲ್ಪವಾದರೂ ಅಷ್ಟೇ, ಆ ದಿನದ ಫಲಿತಾಂಶವೆಲ್ಲ ಕಸದ ಬುಟ್ಟಿಗೆ. ಹೊಸ ನೀರು, ಹೊಸ ಪ್ರೈಮರ್ ತೆಗೆದುಕೊಂಡು ಮೊದಲಿನಿಂದ ಶುರು. ಮುಖ ಸಪ್ಪೆ ಮಾಡಿಕೊಂಡೇ ಮತ್ತೆ ಮಾಡುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ನಾನು ಹೇಳುವ ಮೊದಲೇ ಜೆಲ್ಲಿನಲ್ಲಿ ನೀರಿನ ಸಾಲನ್ನು ಹುಡುಕುತ್ತಾರೆ. ಡಯಾಗ್ನೋಸ್ಟಿಕ್ ಲ್ಯಾಬಿನವರಾಗಲಿ ಔಷಧ ಕಂಪನಿಯವರಾಗಲಿ ಸಂಬಳ ಕೊಡುವುದು ಈ ಅಭ್ಯಾಸಕ್ಕೆ. ಪಠ್ಯಪುಸ್ತಕ ಅವರ ಬಳಿಯೂ ಇರುತ್ತದೆ.

ಹೀಗಾಗಿ ಹೆಸರಿಗೆ ಜೋತು ಬೀಳಬೇಡಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮಾಲಿಕ್ಯುಲರ್ ಬಯಾಲಜಿಗೇ ಪ್ರತ್ಯೇಕ ವಿಭಾಗವಿದೆ. ಬೇರೆ ಎಷ್ಟೋ ಕಡೆ ಇದೇ ವಿಷಯವನ್ನು ಬಯೋಟೆಕ್ನಾಲಜಿ, ಬಯೋಕೆಮಿಸ್ಟ್ರಿ, ಜೆನೆಟಿಕ್ಸ್ ವಿಭಾಗಗಳಲ್ಲಿ ಕಲಿಸುತ್ತಾರೆ. ಶುಲ್ಕ ಕಟ್ಟುವ ಮೊದಲು ಒಂದು ದಿನ ಅಲ್ಲಿಗೇ ಹೋಗಿ, ಎರಡನೇ ವರ್ಷದವರನ್ನು ಮಾತಾಡಿಸಿ. ಪಿಸಿಆರ್ ಯಂತ್ರಕ್ಕೆ ಹೊದಿಸಿದ ಬಟ್ಟೆಯ ಮೇಲೆ ದೂಳು ಕೂತಿದ್ದರೆ ಹೆಚ್ಚು ವಿಚಾರಿಸುವ ಅಗತ್ಯವೇ ಇಲ್ಲ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನು ಸ್ವತಃ ಮಾಡುತ್ತಾರೋ, ದುಡ್ಡು ಕೊಟ್ಟು ಹೊರಗೆ ಮಾಡಿಸುತ್ತಾರೋ ಎಂಬುದನ್ನೂ ಕೇಳಿ. ಎರಡನೆಯದು ನಡೆಯುತ್ತಿದೆ ಎನ್ನುವುದು ಈ ಕ್ಷೇತ್ರದವರೆಲ್ಲರಿಗೂ ಗೊತ್ತು.

ಸಂಬಳದ ಬಗ್ಗೆ ಸುಳ್ಳು ಹೇಳುವುದಿಲ್ಲ. ಲ್ಯಾಬ್ ಕೆಲಸದ ಆರಂಭದ ಸಂಬಳ ಬೆಂಗಳೂರಿನ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ, ಅಷ್ಟೇ. ಸಂಶೋಧನೆಯತ್ತ ಮನಸ್ಸಿದ್ದರೆ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಪಡೆಯಬೇಕು. 2023ರಿಂದ ಅದರ ಮೊತ್ತ ತಿಂಗಳಿಗೆ 37,000 ರೂಪಾಯಿ. ಎಂ.ಎಸ್ಸಿ. ಪ್ರವೇಶಕ್ಕೆ ಜಾಮ್, ಗ್ಯಾಟ್‌-ಬಿ ಪರೀಕ್ಷೆಗಳಿವೆ. ನಮ್ಮವರು ಇವುಗಳ ಹೆಸರು ಕೇಳುವಷ್ಟರಲ್ಲಿ ಅರ್ಜಿಯ ಗಡುವು ಮುಗಿದಿರುತ್ತದೆ. ಡಿಗ್ರಿಯ ಕೊನೆಯ ವರ್ಷದ ಆರಂಭದಲ್ಲೇ ದಿನಾಂಕ ನೋಡಿಟ್ಟುಕೊಳ್ಳಿ.

ಚಿಕ್ಕಬಳ್ಳಾಪುರದವರಿಗೆ ಇನ್ನೊಂದು ಅನುಕೂಲವಿದೆ. ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇರುವ ಜಕ್ಕೂರು, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇರುವ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಎರಡೂ ನಿಮ್ಮ ಬೆಂಗಳೂರು ಬಸ್ಸು ಹೋಗುವ ಬಳ್ಳಾರಿ ರಸ್ತೆಯ ಕಡೆಗೇ ಇವೆ. ಬೇಸಿಗೆ ತರಬೇತಿಗೆ ಅಲ್ಲಿನ ವಿಜ್ಞಾನಿಗಳಿಗೆ ಇ-ಮೇಲ್ ಬರೆಯಿರಿ. ಅವರ ಕೆಲಸದಲ್ಲಿ ನಿಮಗೆ ಆಸಕ್ತಿ ಹುಟ್ಟಿಸಿದ್ದು ಯಾವುದು ಎಂದು ಎರಡು ಸಾಲು ಇರಲಿ. ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ ಅವರಿಗೆ ಗೊತ್ತಾಗುತ್ತದೆ.