ಐದು ಚೀಟಿಯಲ್ಲಿ ಗಡ್ಡ: ಧರ್ಮ, ಜನರ ಅನಿಸಿಕೆ ಮತ್ತು ಭಯೋತ್ಪಾದನೆಯ ಕಾರಣಗಳು

ಕಳೆದ ಭಾನುವಾರ ಚಿಕ್ಕಮಗಳೂರಿನಲ್ಲಿ, ಪರೀಕ್ಷೆಗೆ ಒಟ್ಟಿಗೆ ಓದುವ ನಮ್ಮ ಗುಂಪಿನ ಏಳು ಜನ ಸೇರಿದ್ದೆವು. ವಿಷಯ ಆಂತರಿಕ ಭದ್ರತೆ. ಶುರು ಮಾಡುವ ಮೊದಲು ಹಳೇ ಕ್ಯಾಲೆಂಡರ್ ಹಾಳೆ ಹರಿದು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. 'ಭಯೋತ್ಪಾದಕ ಅಂದ ತಕ್ಷಣ ಯಾರು ಕಣ್ಣ ಮುಂದೆ ಬರ್ತಾರೆ, ಒಂದೇ ಸಾಲಲ್ಲಿ ಬರೀರಿ, ನಿಮ್ಮ ಹೆಸರು ಬೇಡ' ಅಂದೆ. ನಾನೂ ಬರೆದೆ.

ಐದು ಚೀಟಿಯಲ್ಲಿ ಗಡ್ಡ ಇತ್ತು. ಒಂದರಲ್ಲಿ 'ಮುಖಕ್ಕೆ ಬಟ್ಟೆ ಕಟ್ಟಿದವನು' ಅಂತ ಇತ್ತು. ಇನ್ನೊಂದರಲ್ಲಿ 'ಹಸಿರು ಬಟ್ಟೆ, ರಾತ್ರಿ ಹೊತ್ತು ಅಕ್ಕಿ ಕೇಳೋಕೆ ಬಂದವನು'. ಈ ಕೊನೆಯದು ಯಾರದು ಅಂತ ಕೇಳಬೇಕಾಗಿರಲಿಲ್ಲ. ಗುಂಪಿನಲ್ಲಿ ಶೃಂಗೇರಿ ಕಡೆಯವಳು ಒಬ್ಬಳೇ. ಗಡ್ಡದ ಚೀಟಿಗಳಲ್ಲಿ ಒಂದು ನನ್ನದು. ಇನ್ನೊಂದು ನಮ್ಮ ಮುಸ್ಲಿಂ ಗೆಳೆಯನದು. 'ನಾನೂ ಅದೇ ಟಿವಿ ನೋಡೋದಲ್ವಾ' ಅಂತ ಅವನೇ ಹೇಳಿ ನಕ್ಕ. ನಮಗೆ ನಗು ಬರಲಿಲ್ಲ.

ಈ ಟಿಪ್ಪಣಿ ಆ ಚೀಟಿಗಳಿಂದಲೇ ಹುಟ್ಟಿದ್ದು. ಇಲ್ಲಿ ಮೂರು ಪ್ರಶ್ನೆಗಳಿವೆ. ಒಬ್ಬ ಯಾಕೆ ಭಯೋತ್ಪಾದಕನಾಗುತ್ತಾನೆ? ಅದರಲ್ಲಿ ಧರ್ಮದ ಪಾಲು ಎಷ್ಟು? ನಾವು ಯಾರನ್ನು ಹಾಗೆ ಕರೆಯುತ್ತೇವೆ? ಮೂರನ್ನೂ ಕಲಸಿ ಒಂದೇ ಉಂಡೆ ಮಾಡಿ ಉತ್ತರ ಬರೆಯುವುದೇ ನಮ್ಮ ದೊಡ್ಡ ತಪ್ಪು.

ಮೊದಲು ಪದ

ನಮ್ಮ ಕನ್ನಡ ಪತ್ರಿಕೆ ಒಂದು ವಾರ ಗಮನಿಸಿ ಓದಿ. 'ಉಗ್ರರು', 'ನಕ್ಸಲರು', 'ದುಷ್ಕರ್ಮಿಗಳು', 'ಕಿಡಿಗೇಡಿಗಳು'. ನಾಲ್ಕು ಪದ, ನಾಲ್ಕು ತೂಕ. 'ಕಿಡಿಗೇಡಿ' ಅಂದರೆ ಬೈದು ಬಿಟ್ಟುಬಿಡಬಹುದಾದ ಹುಡುಗ. 'ಉಗ್ರ' ಅಂದರೆ ಅವನ ಹಿಂದೆ ಒಂದು ಇಡೀ ಸಮುದಾಯ ನಿಂತ ಹಾಗೆ ಕೇಳುತ್ತೆ. ಮಾಡಿದ ಕೆಲಸಕ್ಕಿಂತ ಮಾಡಿದವನು ಯಾರು ಅನ್ನುವುದರ ಮೇಲೆ ಪದ ಬದಲಾಗುತ್ತೆ ಅಂತ ನನಗನಿಸುತ್ತದೆ.

ಕಾನೂನು ಹೀಗೆ ನೋಡುವುದಿಲ್ಲ. ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ, 1967ರದು. ಅದಕ್ಕೆ ಭಯೋತ್ಪಾದನೆಯ ಅಧ್ಯಾಯ ಸೇರಿದ್ದು 2004ರಲ್ಲಿ. ಅದರ 15ನೇ ಸೆಕ್ಷನ್ ಕೇಳುವುದು ಉದ್ದೇಶ ಏನು, ವಿಧಾನ ಏನು ಅಂತ. ದೇಶದ ಏಕತೆ, ಭದ್ರತೆಗೆ ಧಕ್ಕೆ ತರುವ ಅಥವಾ ಜನರಲ್ಲಿ ಭಯ ಹುಟ್ಟಿಸುವ ಉದ್ದೇಶ ಇತ್ತಾ? ಬಾಂಬು, ಬಂದೂಕು, ವಿಷ ಬಳಸಿದನಾ? ಅವನ ಧರ್ಮ ಯಾವುದು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 113ನೇ ಸೆಕ್ಷನ್ ಕೂಡ ಹೆಚ್ಚುಕಡಿಮೆ ಇದೇ ದಾರಿಯಲ್ಲಿದೆ. ವಿಶ್ವಸಂಸ್ಥೆಯಲ್ಲಿ ಮಾತ್ರ ಎಲ್ಲ ದೇಶಗಳೂ ಒಪ್ಪಿದ ಒಂದು ವ್ಯಾಖ್ಯೆ ಇವತ್ತಿಗೂ ಇಲ್ಲ. ಒಬ್ಬರ ಉಗ್ರ ಇನ್ನೊಬ್ಬರ ಸ್ವಾತಂತ್ರ್ಯ ಹೋರಾಟಗಾರ ಅನ್ನುವ ಜಗಳದಲ್ಲೇ ಅದು ನಿಂತಿದೆ.

ಈಗ ಹಸಿರು ಬಟ್ಟೆಯ ಚೀಟಿಗೆ ಬರೋಣ. ನಕ್ಸಲರ ಸಂಘಟನೆಯಾದ ಭಾರತ ಕಮ್ಯುನಿಸ್ಟ್ ಪಕ್ಷ (ಮಾವೋವಾದಿ) 2009ರ ಜೂನ್‌ನಲ್ಲಿ ಯುಎಪಿಎ ಅಡಿ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿತು. ಅಂದರೆ ಕಾನೂನಿನ ಲೆಕ್ಕದಲ್ಲಿ ಅದೂ ಲಷ್ಕರ್ ಇರುವ ಪಟ್ಟಿಯಲ್ಲೇ ಇದೆ. ನಮ್ಮದೇ ಜಿಲ್ಲೆಯ ಕಾಡಿನಲ್ಲಿ, ಮೆಣಸಿನಹಾಡ್ಯದ ಹತ್ತಿರ, 2005ರ ಫೆಬ್ರುವರಿಯಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತಾಗ ಯಾರಾದರೂ 'ಭಯೋತ್ಪಾದಕ ಸತ್ತ' ಅಂದರಾ? ನಮ್ಮ ಮನೆಯಲ್ಲಂತೂ 'ನಕ್ಸಲ್ ನಾಯಕ' ಅಂದಿದ್ದೇ ನೆನಪು. ಆರು ಚೀಟಿಯಲ್ಲಿ ನಕ್ಸಲ ಬಾರದೇ ಇದ್ದದ್ದು ಇದಕ್ಕೇ.

ಈ ಕಾಡಿನ ಕಥೆಯಲ್ಲಿ ಧರ್ಮ ಇಲ್ಲವೇ ಇಲ್ಲ. ಹೊರಗಿಂದ ಬಂದವರು ಮಾವೋವಾದದ ಸಿದ್ಧಾಂತ ತಂದರು. ಊರಿನೊಳಗೆ ಆಗಲೇ ಒಂದು ಭಯ ಇತ್ತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೆ ಕಾಡಂಚಿನ ಮನೆಗಳನ್ನು ಎಬ್ಬಿಸುತ್ತಾರೆ ಅನ್ನುವ ಭಯ. ಎರಡೂ ಕೂಡಿದಾಗ ಒಂದಷ್ಟು ಸ್ಥಳೀಯ ಹುಡುಗ ಹುಡುಗಿಯರು ಕಾಡು ಸೇರಿದರು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದ ಆರು ಜನರಲ್ಲಿ ಶೃಂಗೇರಿ ತಾಲ್ಲೂಕಿನ ಹೆಣ್ಣುಮಗಳೂ ಇದ್ದಳು.

ಕಾರಣ: ಒಣ ಹುಲ್ಲು ಮತ್ತು ಕಡ್ಡಿ

ಭಯೋತ್ಪಾದನೆ ಬಗ್ಗೆ ಅಧ್ಯಯನ ಮಾಡಿದ ಮಾರ್ತಾ ಕ್ರೆನ್‌ಶಾ 1981ರಲ್ಲೇ ಎರಡು ಬಗೆಯ ಕಾರಣ ಹೇಳಿದರು. ಒಂದು ಹಿನ್ನೆಲೆಯಲ್ಲಿ ಇರುವುದು, ಇನ್ನೊಂದು ತಕ್ಷಣ ಕೆರಳಿಸುವುದು. ಮುಳ್ಳಯ್ಯನಗಿರಿ ಸಾಲನ್ನು ಫೆಬ್ರುವರಿಯಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಲ್ಲು ಗುಡ್ಡದ ತುಂಬಾ ಒಣಗಿರುತ್ತೆ. ಆದರೆ ಎಲ್ಲ ಕಡೆ ಬೆಂಕಿ ಬೀಳುವುದಿಲ್ಲ. ಯಾರೋ ಕಡ್ಡಿ ಗೀರಬೇಕು, ಗಾಳಿ ಆ ಕಡೆ ಬೀಸಬೇಕು.

ಬಡತನ ಒಣ ಹುಲ್ಲಾ? ಎಲ್ಲರೂ ಮೊದಲು ಬರೆಯುವ ಕಾರಣ ಇದೇ. ಆದರೆ ಸಂಶೋಧಕರಾದ ಅಲನ್ ಕ್ರೂಗರ್ ಮತ್ತು ಯಿಟ್ಕಾ ಮಾಲೆಚ್ಕೊವಾ 2003ರಲ್ಲಿ ತೋರಿಸಿದ್ದು ಬೇರೆ. ಬಡತನಕ್ಕೂ ಭಯೋತ್ಪಾದನೆಗೂ ನೇರ ನಂಟು ಅವರಿಗೆ ಸಿಗಲಿಲ್ಲ. 1995ರ ಮಾರ್ಚ್ 20ರಂದು ಟೋಕಿಯೋ ಮೆಟ್ರೋದಲ್ಲಿ ಸರಿನ್ ವಿಷ ಬಿಟ್ಟ ಓಂ ಶಿನ್ರಿಕ್ಯೊ ಪಂಥದಲ್ಲಿ ವಿಜ್ಞಾನ ಓದಿದವರು, ವೈದ್ಯರು ಇದ್ದರು. ಹಾಗಾಗಿ 'ಬಡತನವೇ ಮೂಲ' ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ.

ಇನ್ನೊಬ್ಬ ಸಂಶೋಧಕ ಮಾರ್ಕ್ ಸೇಜ್‌ಮನ್ 172 ಜಿಹಾದಿಗಳ ಹಿನ್ನೆಲೆ ಜಾಲಾಡಿದಾಗ ಕಂಡಿದ್ದು ಇನ್ನೂ ಸರಳ. ಬಹಳಷ್ಟು ಜನ ಸೇರಿದ್ದು ಗೆಳೆಯರ ಜೊತೆ, ಇಲ್ಲವೇ ಅಣ್ಣತಮ್ಮಂದಿರು, ನೆಂಟರ ಜೊತೆ. ಸಿದ್ಧಾಂತ ಗಟ್ಟಿಯಾಗಿದ್ದು ಆಮೇಲೆ. ಊರಲ್ಲಿ ಹುಡುಗರು ಯಾವುದೋ ಸಂಘ ಸೇರುವುದೂ ಹೀಗೇ ಅಲ್ವಾ? 'ಅವನು ಹೋದ, ನಾನೂ ಹೋದೆ.'

ಧರ್ಮದ ಪಾಲು

ಇಲ್ಲಿ ಎರಡು ಘೋಷಣೆಗಳಿವೆ. 'ಭಯೋತ್ಪಾದನೆಗೆ ಧರ್ಮವಿಲ್ಲ.' 'ಭಯೋತ್ಪಾದನೆಗೆ ಒಂದೇ ಧರ್ಮ.' ಎರಡನ್ನೂ ಉತ್ತರ ಪತ್ರಿಕೆಯಿಂದ ಆಚೆ ಇಡಿ.

ಎರಡನೆಯದನ್ನು ಒಡೆಯಲು ಶ್ರೀಲಂಕಾದ ತಮಿಳು ಬಂಡುಕೋರರ ಎಲ್‌ಟಿಟಿಇ ಒಂದೇ ಸಾಕು. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಕೊಂದ ಆತ್ಮಾಹುತಿ ಬಾಂಬರ್ ಸ್ವರ್ಗದ ಆಸೆಗೆ ಬಂದವಳಲ್ಲ. ಆ ಸಂಘಟನೆಗೆ ಬೇಕಿದ್ದದ್ದು ತಮಿಳರ ಪ್ರತ್ಯೇಕ ದೇಶ. ಅಮೆರಿಕದ ಸಂಶೋಧಕ ರಾಬರ್ಟ್ ಪೇಪ್ 1980ರಿಂದ 2003ರವರೆಗಿನ 315 ಆತ್ಮಾಹುತಿ ದಾಳಿಗಳ ಪಟ್ಟಿ ಮಾಡಿದಾಗ ಅತಿ ಹೆಚ್ಚು, ಅಂದರೆ 76, ಎಲ್‌ಟಿಟಿಇ ಲೆಕ್ಕಕ್ಕೆ ಬಂದವು. ತಮ್ಮ ನೆಲದಿಂದ ಪರರ ಸೈನ್ಯ ಓಡಿಸುವುದೇ ಇಂಥ ದಾಳಿಗಳ ಮುಖ್ಯ ಗುರಿ ಅಂತ ಪೇಪ್ ವಾದ.

ಇಲ್ಲಿಗೇ ನಿಂತರೆ ಮೊದಲ ಘೋಷಣೆ ಗೆದ್ದ ಹಾಗೆ. ಆದರೆ 2014ರ ಆಗಸ್ಟ್‌ನಲ್ಲಿ ಇರಾಕಿನ ಸಿಂಜಾರ್‌ನಲ್ಲಿ ಐಸಿಸ್ ಅಲ್ಲಿನ ಸಣ್ಣ ಧಾರ್ಮಿಕ ಸಮುದಾಯವಾದ ಯಜೀದಿಗಳಿಗೆ ಮಾಡಿದ್ದನ್ನು ಪೇಪ್ ವಾದದಿಂದ ಹೇಗೆ ವಿವರಿಸುತ್ತೀರಿ? ಯಜೀದಿಗಳು ಯಾರ ನೆಲವನ್ನೂ ಆಕ್ರಮಿಸಿರಲಿಲ್ಲ. ಗಂಡಸರನ್ನು ಕೊಂದು ಹೆಂಗಸರನ್ನು ಗುಲಾಮರಾಗಿ ಮಾರಲು ಐಸಿಸ್ ಧರ್ಮದ ಹೆಸರಿನ ಸಮರ್ಥನೆಯನ್ನೇ ಬರೆದು ಹಂಚಿತು. ಯಾರು ಶತ್ರು, ಯಾರನ್ನು ಕೊಂದರೆ ಪಾಪವಿಲ್ಲ ಅನ್ನುವುದನ್ನು ಅಲ್ಲಿ ಅವರ ಮತದ ಓದು ತೀರ್ಮಾನ ಮಾಡಿತು. ಅದನ್ನು ಸುಮ್ನೆ 'ಧರ್ಮಕ್ಕೆ ಸಂಬಂಧವೇ ಇಲ್ಲ' ಅಂದರೆ ಸತ್ತವರಿಗೆ ಮಾಡುವ ಅನ್ಯಾಯ.

ನನ್ನ ತಿಳುವಳಿಕೆ ಇಷ್ಟು: ಸಿಟ್ಟು ಬಹುಪಾಲು ರಾಜಕೀಯದಿಂದ, ಅವಮಾನದಿಂದ ಬರುತ್ತೆ. ಜನ ಬರುವುದು ಗೆಳೆತನದಿಂದ. ಧರ್ಮ, ಅಥವಾ ಜನಾಂಗ, ಅಥವಾ ವರ್ಗ, ಆ ಸಿಟ್ಟಿಗೆ ಮಾತು ಕೊಡುತ್ತೆ, ಗುರಿ ತೋರಿಸುತ್ತೆ. ಕೆಲವು ಗುಂಪುಗಳಲ್ಲಿ ಈ ಮಾತು ಎಷ್ಟು ಬೆಳೆಯುತ್ತದೆ ಅಂದರೆ ಮೂಲ ಸಿಟ್ಟನ್ನೇ ನುಂಗಿಬಿಡುತ್ತೆ.

ಮೂಡಿಗೆರೆಯ ಡಾಕ್ಟರು

ಇದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ನಮ್ಮ ಜಿಲ್ಲೆಯದು ಅಂತ. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ಗ್ಯಾಸ್ ಸಿಲಿಂಡರ್ ತುಂಬಿದ ಜೀಪ್ ನುಗ್ಗಿತು. ಓಡಿಸಿದವನು ಬೆಂಗಳೂರಿನ ಕಫೀಲ್ ಅಹ್ಮದ್, ಇಂಜಿನಿಯರ್. ಸುಟ್ಟ ಗಾಯದಿಂದ ಆಗಸ್ಟ್‌ನಲ್ಲಿ ಸತ್ತ. ಅವನ ದೂರದ ಸಂಬಂಧಿ ಡಾ. ಮೊಹಮ್ಮದ್ ಹನೀಫ್ ಮೂಡಿಗೆರೆಯಲ್ಲಿ ಬೆಳೆದವರು, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಆಸ್ಪತ್ರೆ ಕೆಲಸದಲ್ಲಿದ್ದರು. ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಹಿಡಿದರು. ಕೈಯಲ್ಲಿದ್ದದ್ದು ಹೋಗುವ ಟಿಕೆಟ್ ಮಾತ್ರ, ವಾಪಸ್ ಟಿಕೆಟ್ ಇರಲಿಲ್ಲ. ಬೆಂಗಳೂರಿನಲ್ಲಿ ಹೆಂಡತಿಗೆ ಆಗಷ್ಟೇ ಹೆರಿಗೆಯಾಗಿತ್ತು. ಮಗು ನೋಡಲು ಹೊರಟವರ ಟಿಕೆಟ್ ಪೊಲೀಸರಿಗೆ ಓಡಿಹೋಗುವವನ ಟಿಕೆಟ್ ಆಗಿ ಕಂಡಿತು.

ಆರೋಪ ಹೊರಿಸುವ ಮೊದಲೇ ಸುಮಾರು ಹನ್ನೆರಡು ದಿನ ಒಳಗಿಟ್ಟರು. ಮುಖ್ಯ ಸಾಕ್ಷಿ ಒಂದು ಸಿಮ್ ಕಾರ್ಡ್. ಇಂಗ್ಲೆಂಡ್ ಬಿಡುವಾಗ ಅವರು ಅದನ್ನು ಕಫೀಲನ ತಮ್ಮನಿಗೆ ಕೊಟ್ಟಿದ್ದರು. ಅದು ಉರಿದ ಜೀಪಿನಲ್ಲೇ ಸಿಕ್ಕಿತು ಅಂತ ಕೋರ್ಟಿನಲ್ಲಿ ಹೇಳಲಾಯಿತು. ನಿಜವಾಗಿ ಅದು ಇದ್ದದ್ದು ಲಿವರ್‌ಪೂಲ್‌ನಲ್ಲಿ, ಆ ತಮ್ಮನ ಹತ್ತಿರ. ಜಾಮೀನು ಸಿಕ್ಕ ದಿನವೇ ಅಲ್ಲಿನ ಸಚಿವರು ವೀಸಾ ರದ್ದು ಮಾಡಿದರು. ಜುಲೈ 27ಕ್ಕೆ ಆರೋಪ ಕೈಬಿಟ್ಟರು. 2008ರಲ್ಲಿ ವಿಚಾರಣಾ ಸಮಿತಿ ಅವರದು ತಪ್ಪಿಲ್ಲ ಅಂದಿತು, 2010ರಲ್ಲಿ ಪರಿಹಾರವೂ ಸಿಕ್ಕಿತು.

ಒಂದೇ ಬಳಗ, ಒಂದೇ ಧರ್ಮ, ಇಬ್ಬರೂ ಓದಿದವರು. ಒಬ್ಬ ಜೀಪ್ ನುಗ್ಗಿಸಿದ, ಇನ್ನೊಬ್ಬರು ಮಗು ನೋಡಲು ಹೊರಟಿದ್ದರು. 'ಧರ್ಮವೇ ಕಾರಣ' ಅನ್ನುವ ಉತ್ತರ ಈ ವ್ಯತ್ಯಾಸವನ್ನು ವಿವರಿಸಲಾರದು.

ಕಣ್ಣಿಗೆ ಕಂಡದ್ದು

ಮೂಡಿಗೆರೆ, ಆಲೂರು, ಸಕಲೇಶಪುರ ಕಡೆ ಆನೆ ಯಾರನ್ನಾದರೂ ತುಳಿದ ಸುದ್ದಿ ಬಂದ ವಾರ ಎಲ್ಲರೂ ತೋಟಕ್ಕೆ ಹೋಗಲು ಹೆದರುತ್ತಾರೆ. ಹೆದರುತ್ತಲೇ ಹೆಲ್ಮೆಟ್ ಇಲ್ಲದೆ ಬೈಕ್ ಹತ್ತುತ್ತಾರೆ. ಸುಲಭವಾಗಿ ನೆನಪಿಗೆ ಬರುವುದೇ ಜಾಸ್ತಿ ನಡೆಯುತ್ತದೆ ಅಂತ ಮನಸ್ಸು ನಂಬುತ್ತೆ. ಮನಶ್ಶಾಸ್ತ್ರಜ್ಞರಾದ ಟ್ವೆರ್‌ಸ್ಕಿ ಮತ್ತು ಕಾನೆಮನ್ 1973ರಲ್ಲಿ ಬರೆದದ್ದು ಇದನ್ನೇ.

ನೆನಪಿಗೆ ಏನು ಬರಬೇಕು ಅನ್ನುವುದನ್ನು ಸುದ್ದಿ ತೀರ್ಮಾನಿಸುತ್ತೆ. ಅಮೆರಿಕದಲ್ಲಿ 2006ರಿಂದ 2015ರವರೆಗಿನ ದಾಳಿಗಳನ್ನು ಸಂಶೋಧಕಿ ಎರಿನ್ ಕರ್ನ್ಸ್ ಮತ್ತು ಜೊತೆಗಾರರು ಹೋಲಿಸಿದರು. ಮಾಡಿದವನು ಮುಸ್ಲಿಂ ಆಗಿದ್ದರೆ ಸುದ್ದಿ ಶೇ 357ರಷ್ಟು ಹೆಚ್ಚು. 1995ರಲ್ಲಿ ಅಲ್ಲಿನ ಒಕ್ಲಹೋಮಾದಲ್ಲಿ ಬಾಂಬು ಸಿಡಿದು 168 ಜನ ಸತ್ತಾಗ ಮೊದಲ ಅನುಮಾನ ಹೋಗಿದ್ದು ಅರಬ್ಬರ ಮೇಲೆ. ಮಾಡಿದವನು ಅಮೆರಿಕದ್ದೇ ಮಾಜಿ ಸೈನಿಕ. 2011ರಲ್ಲಿ ನಾರ್ವೆಯಲ್ಲಿ 77 ಜನರನ್ನು ಕೊಂದವನು ಅಲ್ಲಿಯವನೇ, ಮುಸ್ಲಿಮರನ್ನು ದ್ವೇಷಿಸುವವನು. ಅಲ್ಲೂ ಮೊದಲ ಗಂಟೆಗಳ ಊಹೆ ಬೇರೆಯದೇ ಇತ್ತು.

ಪರೀಕ್ಷೆಗೆ ಒಂದೇ ಅಂಶ ನೆನಪಿಡುವುದಾದರೆ ಇದನ್ನು ಇಡಿ: ಜನರ ಅನಿಸಿಕೆ ದಾಳಿಯ ಫಲ ಅಷ್ಟೇ ಅಲ್ಲ, ದಾಳಿಯ ಗುರಿಯೂ ಹೌದು. 2015ರ ಆರಂಭದಲ್ಲಿ ಐಸಿಸ್ ತನ್ನ ಪತ್ರಿಕೆಯಲ್ಲೇ 'ಬೂದು ವಲಯ' ಅಳಿಯಬೇಕು ಅಂತ ಬರೆದುಕೊಂಡಿತು. ಬೂದು ವಲಯ ಅಂದರೆ ಬೇರೆಯವರ ಜೊತೆ ನೆಮ್ಮದಿಯಾಗಿ ಬದುಕುತ್ತಿರುವ ಮುಸ್ಲಿಮರು. ಅಕ್ಕಪಕ್ಕದವರು ಅವರನ್ನು ಅನುಮಾನದಿಂದ ನೋಡಬೇಕು, ಅವರಿಗೆ ಬೇರೆ ದಾರಿ ಉಳಿಯಬಾರದು. ಲೆಕ್ಕ ಅಷ್ಟು ನೇರ. ನಮ್ಮ ಐದು ಚೀಟಿ ಯಾರಿಗೆ ಬೇಕಾಗಿತ್ತು ಅಂತ ಇದನ್ನು ಓದಿದಾಗ ಗೊತ್ತಾಯಿತು.

ಒಂದು ತಿದ್ದುಪಡಿ. ಮೊದಲ ಕರಡಿನಲ್ಲಿ ನಾನು ಶೃಂಗೇರಿಯವಳ ಚೀಟಿಗೆ 'ನಕ್ಸಲನ ಚಿತ್ರ' ಅಂತ ಬರೆದಿದ್ದೆ. ಓದಿ ಅವಳು ಫೋನ್ ಮಾಡಿದಳು. ಅಕ್ಕಿ ಕೇಳಿಕೊಂಡು ಬಂದವರು ಯಾರು ಅಂತ ಅವಳ ಅಜ್ಜಿಗೆ ಕೊನೆವರೆಗೂ ಗೊತ್ತಿರಲಿಲ್ಲವಂತೆ. ಅವರನ್ನು ಹುಡುಕಿಕೊಂಡು ಬರುತ್ತಿದ್ದ ಪೊಲೀಸರದೂ ಹಸಿರು ಬಟ್ಟೆಯೇ. ಅಜ್ಜಿ ಇಬ್ಬರಿಗೂ 'ರಾತ್ರಿ ಬರೋರು' ಅಂತಿದ್ದರಂತೆ.